ಬಾರದ ಹಡಗಿನ ಬಾಡಿಗೆ

ಕಾಟಿಪಳ್ಳ ಕೈಕಂಬದಲ್ಲಿ ಒಂದು ಚಾ ಕುಡಿಯುವಷ್ಟು ಹೊತ್ತು ನಿಂತರೆ ಲೋಕದ ಸಂಗತಿಗಳೆಲ್ಲ ಕಿವಿಗೆ ಬೀಳ್ತವೆ. 2024ರ ಜೂನ್ 15ಕ್ಕೆ ರಾಜ್ಯದಲ್ಲಿ ಪೆಟ್ರೋಲಿಗೆ ಮೂರು ರೂಪಾಯಿ, ಡೀಸೆಲ್‌ಗೆ ಮೂರೂವರೆ ರೂಪಾಯಿ ಏರಿತಲ್ಲ, ಅದರ ಮರುದಿನ ಅಲ್ಲಿ ಜೋರು ಚರ್ಚೆ. ಒಬ್ಬ ಹುಡುಗ ಮೊಬೈಲು ತೋರಿಸಿ, "ನೋಡಿ ಕಾಕ, ನಮ್ಮ ಎಂಆರ್‌ಪಿಎಲ್ ಎಣ್ಣೆಯಲ್ಲಿ ಮಾರಿಷಸ್ ಅಂತ ಒಂದು ದೇಶವೇ ಓಡ್ತಾ ಇತ್ತು, ಗೊತ್ತುಂಟಾ?" ಅಂದ. ಬೆಂಚಿನಲ್ಲಿ ಕೂತಿದ್ದ ಕಾಕ ಟ್ಯಾಂಕರ್ ಓಡಿಸಿಯೇ ತಲೆ ಬೆಳ್ಳಗಾದವರು. ಗ್ಲಾಸು ಸಾವಕಾಶ ಕೆಳಗಿಟ್ಟು ಹೇಳಿದರು: "ದೇಶ ಓಡ್ಲಿ ಮಾರಾಯ. ನನ್ನ ಸ್ಕೂಟರ್ ಓಡ್ಲಿಕ್ಕೆ ಎಂತಕ್ಕೆ ಇಷ್ಟು ದುಡ್ಡು? ಅದು ಹೇಳು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬರುವಾಗ ಅನಿಸಿತು, ಹುಡುಗನ ಹೆಮ್ಮೆ ಮತ್ತು ಕಾಕನ ಸಿಟ್ಟು ಎರಡೂ ಒಂದೇ ಲೆಕ್ಕದ ಪುಸ್ತಕದ ಎರಡು ಪುಟ. ಆ ಪುಸ್ತಕವನ್ನು ನಮಗೆ ಯಾರೂ ಬಿಡಿಸಿ ತೋರಿಸಿಲ್ಲ. ನಾವೂ ಕೇಳಿಲ್ಲ.

ಮೊದಲು ಹುಡುಗನ ಮಾತು. ಅದು ಸುಳ್ಳಲ್ಲ. 2007ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾರಿಷಸ್‌ಗೆ ಬೇಕಾದ ಪೆಟ್ರೋಲ್, ಡೀಸೆಲ್, ವಿಮಾನದ ಇಂಧನ, ವಿದ್ಯುತ್ ಘಟಕಗಳಿಗೆ ಬೇಕಾದ ಫರ್ನೆಸ್ ಎಣ್ಣೆ ಎಲ್ಲ ಹೋಗಿದ್ದು ನಮ್ಮ ಕುತ್ತೆತ್ತೂರಿನ ರಿಫೈನರಿಯಿಂದ, ಪಣಂಬೂರಿನ ಬಂದರಿನಿಂದ. ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ, ನಮ್ಮ ಹಳೆಯ ಅವಿಭಜಿತ ಮಂಗಳೂರು ತಾಲೂಕು-ಬಂಟ್ವಾಳ ತಾಲೂಕು ಸೇರಿಸಿದಷ್ಟೂ ಜನ ಇರದ ಒಂದು ದ್ವೀಪ. ಅಲ್ಲಿಯ ಬಸ್ಸು, ಕಬ್ಬಿನ ಲಾರಿ, ಪ್ರವಾಸಿಗರ ಟ್ಯಾಕ್ಸಿ ಎಲ್ಲದರ ಟ್ಯಾಂಕಿನಲ್ಲಿ ನಮ್ಮ ಊರಿನ ಎಣ್ಣೆ. ಆಮೇಲೆ ಟೆಂಡರಿನಲ್ಲಿ ಬೇರೆಯವರು ಬಂದರು, ಅದು ಬೇರೆ ಮಾತು.

ಹೆಮ್ಮೆ ಪಡಬಹುದು. ಆದರೆ 'ನಮ್ಮ' ಅನ್ನುವಾಗ ಸ್ವಲ್ಪ ನಿಧಾನ. ಕಾಟಿಪಳ್ಳ ಅಂದರೆ ಏನು? ಒಂದನೇ ಬ್ಲಾಕ್, ಎರಡನೇ ಬ್ಲಾಕ್, ಮೂರನೇ ಬ್ಲಾಕ್. ಆಚೆ ಕೃಷ್ಣಾಪುರದಲ್ಲಿ ಏಳನೇ ಬ್ಲಾಕ್. ತುಳುನಾಡಿನಲ್ಲಿ ಊರಿಗೆ ಗುತ್ತು, ಬೆಟ್ಟು, ಪಾದೆ, ಕೋಡಿ ಅಂತ ಹೆಸರಿರ್ತದೆ. ನಮ್ಮ ಊರಿಗೆ ನಂಬರ್ ಯಾಕೆ? ಯಾಕೆಂದರೆ ಅರವತ್ತರ ದಶಕದಲ್ಲಿ ಬಂದರಿಗಾಗಿ ಪಣಂಬೂರಿನ ಕಡೆಯಿಂದ ಎಬ್ಬಿಸಿದ ಕುಟುಂಬಗಳನ್ನು ತಂದು ಕೂರಿಸಿದ ಜಾಗ ಇದು. ಸರ್ಕಾರಿ ನಕ್ಷೆಯ ನಂಬರ್ ಹಾಗೇ ಊರಿನ ಹೆಸರಾಗಿ ಉಳಿಯಿತು. 1974ರಲ್ಲಿ ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. 1996ರಲ್ಲಿ ರಿಫೈನರಿ ಶುರುವಾಯಿತು. ಆಗ ವರ್ಷಕ್ಕೆ 30 ಲಕ್ಷ ಟನ್, ಈಗ 150 ಲಕ್ಷ ಟನ್ ಕಚ್ಚಾತೈಲ ಶುದ್ಧೀಕರಿಸುವ ಸಾಮರ್ಥ್ಯ. ಪೆರ್ಮುದೆಯಲ್ಲಿ ಬಂಡೆಯೊಳಗೆ ಗುಹೆ ಕೊರೆದು 15 ಲಕ್ಷ ಟನ್ ಕಚ್ಚಾತೈಲ ತುಂಬಿಡುವ ದೇಶದ ತುರ್ತು ಸಂಗ್ರಹಾಗಾರವೂ ಬಂತು. ಜೋಕಟ್ಟೆಯವರು ಕೋಕ್ ಘಟಕದ ಕಪ್ಪು ಪುಡಿಯ ವಿರುದ್ಧ ವರ್ಷಗಟ್ಟಲೆ ಬೀದಿಗಿಳಿದದ್ದು ನಾವೆಲ್ಲ ನೋಡಿದ್ದೇ.

ಹಿಂದೆ ರಿಫೈನರಿ, ಎದುರು ಬಂದರು, ಪಕ್ಕದಲ್ಲಿ ಎಣ್ಣೆಯ ಗುಹೆ. ಇಂಥ ಜಾಗದಲ್ಲಿ ಕೂತ ಮನುಷ್ಯನಿಗೆ ತಾನು ಹಾಕಿಸುವ ಒಂದು ಲೀಟರಿನ ಲೆಕ್ಕ ಕೇಳುವ ಹಕ್ಕು ಇಲ್ಲವಾದರೆ ಇನ್ಯಾರಿಗೆ ಉಂಟು?

ಈಗ ಮಾರಿಷಸ್ ಕಡೆ ಹೋಗೋಣ. ಅಲ್ಲಿಯ ವ್ಯವಸ್ಥೆ ಅರ್ಥವಾದರೆ ನಮ್ಮದೂ ಅರ್ಥವಾಗ್ತದೆ.

ಸಣ್ಣ ದ್ವೀಪಕ್ಕೆ ಇಂಧನ ತರುವ ವ್ಯಾಪಾರದಲ್ಲಿ ಪೈಪೋಟಿಗೆ ಹೆಚ್ಚು ಜಾಗವಿಲ್ಲ. ಎಣ್ಣೆ ಹಡಗು ನಿಲ್ಲುವ ಬಂದರು ಒಂದೇ, ಟ್ಯಾಂಕುಗಳು ಬೆರಳೆಣಿಕೆ. ಹತ್ತು ವ್ಯಾಪಾರಿಗಳು ಹತ್ತು ಸಣ್ಣ ಹಡಗು ತಂದರೆ ಬಾಡಿಗೆಯೇ ಮೈಮೇಲೆ ಬರ್ತದೆ. ಅದಕ್ಕೇ ಮಾರಿಷಸ್‌ನಲ್ಲಿ ಪೆಟ್ರೋಲ್, ಡೀಸೆಲ್ ತರಿಸುವ ಕೆಲಸ ಒಂದೇ ಸಂಸ್ಥೆಯದು. ಅದು 1982ರಲ್ಲಿ ಹುಟ್ಟಿದ ಸರ್ಕಾರಿ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್, ಅಂದರೆ ಎಸ್‌ಟಿಸಿ. ಅಕ್ಕಿ, ಹಿಟ್ಟು, ಅಡುಗೆ ಅನಿಲ ತರಿಸುವುದೂ ಅದೇ. ಹಡಗು ಪೋರ್ಟ್ ಲೂಯಿ ಬಂದರಿಗೆ ಬಂದು ಎಣ್ಣೆ ಟ್ಯಾಂಕಿಗೆ ಇಳಿದ ಮೇಲೆ ಕಂಪನಿಗಳು ಹಂಚಿಕೊಂಡು ಬಂಕಿಗೆ ಸಾಗಿಸ್ತವೆ. ಶೆಲ್, ಟೋಟಲ್, ಎಂಜೆನ್, ಮತ್ತೆ 2001ರಿಂದ ನಮ್ಮದೇ ಇಂಡಿಯನ್ ಆಯಿಲ್. ಬೋರ್ಡು ನಾಲ್ಕು, ಬಣ್ಣ ನಾಲ್ಕು, ಒಳಗಿನ ಎಣ್ಣೆ ಮಾತ್ರ ಒಂದೇ. ಮಂಗಳೂರಿನ ಒಪ್ಪಂದ ಇದ್ದಷ್ಟು ಕಾಲ ಅಲ್ಲಿ ಶೆಲ್ ಬಂಕಿಗೆ ಹೋದವನೂ ಟೋಟಲ್ ಬಂಕಿಗೆ ಹೋದವನೂ ಹಾಕಿಸಿದ್ದು ಕುತ್ತೆತ್ತೂರಿನ ಮಾಲನ್ನೇ. ಬಂಕಿನ ದರವೂ ಸರ್ಕಾರದ ಸಮಿತಿ ಗೊತ್ತು ಮಾಡಿದ್ದೇ, ಇಡೀ ದ್ವೀಪಕ್ಕೆ ಒಂದೇ.

ಇದನ್ನು ಕೇಳಿದ ಕೂಡಲೇ ನಮ್ಮ ಪೇಟೆಯ ಅರ್ಥಶಾಸ್ತ್ರಜ್ಞರು ಎದ್ದು ನಿಲ್ತಾರೆ. "ಅದೇ ನೋಡಿ ತಪ್ಪು, ಸರ್ಕಾರದ ಏಕಸ್ವಾಮ್ಯ. ಮಾರುಕಟ್ಟೆಗೆ ಬಿಟ್ಟುಬಿಡಿ, ರೇಟು ತನ್ನಿಂದ ತಾನೇ ಇಳೀತದೆ." ಇನ್ನೊಂದು ಬೆಂಚಿನವರು ಅಷ್ಟೇ ಜೋರಾಗಿ, "ಸರ್ಕಾರದ ಕೈಯಲ್ಲಿದ್ದರೆ ಭದ್ರ, ಖಾಸಗಿಯವರು ಸುಲಿದು ಹಾಕ್ತಾರೆ" ಅಂತಾರೆ. ಇಬ್ಬರೂ ತಪ್ಪು ಪ್ರಶ್ನೆ ಹಿಡಿದು ಜಗಳ ಆಡ್ತಿದ್ದಾರೆ ಅನ್ನೋದೇ ನನ್ನ ತಕರಾರು. ಮಾರುವವರು ಎಷ್ಟು ಮಂದಿ ಅನ್ನೋದು ಎರಡನೇ ಪ್ರಶ್ನೆ. ಲೆಕ್ಕ ಯಾರ ಕಣ್ಣಿಗೆ ಬೀಳ್ತದೆ ಅನ್ನೋದು ಮೊದಲನೆಯದು.

ಸರ್ಕಾರದ ಕೈಯಲ್ಲಿದ್ದರೆ ಭದ್ರ ಅನ್ನುವವರಿಗೆ ರೆಡ್ ಈಗಲ್ ಅನ್ನುವ ಹಡಗಿನ ಕತೆ ಹೇಳ್ತೇನೆ. ನಮ್ಮ ಬಂದರಿಗೇ ಬಂದು ಹೋಗ್ತಿದ್ದ ಹಡಗು ಅದು. 2009ರ ನವೆಂಬರಿನಲ್ಲಿ ಎಸ್‌ಟಿಸಿ ಬೀಟಾಮ್ಯಾಕ್ಸ್ ಅನ್ನುವ ಖಾಸಗಿ ಕಂಪನಿಯೊಂದಿಗೆ 15 ವರ್ಷದ ಒಪ್ಪಂದ ಮಾಡಿಕೊಂಡಿತು. ಮಂಗಳೂರಿನಿಂದ ಪೋರ್ಟ್ ಲೂಯಿಗೆ ಎಣ್ಣೆ ಸಾಗಿಸುವ ಗುತ್ತಿಗೆ. ಕಂಪನಿ ಹೊಸ ಹಡಗು ತಂದಿತು, ಓಡಿಸಿತು. 2014ರ ಕೊನೆಗೆ ಅಲ್ಲಿ ಚುನಾವಣೆಯಾಗಿ ಸರ್ಕಾರ ಬದಲಾಯಿತು. 2015ರ ಆರಂಭದಲ್ಲೇ ಹೊಸ ಸರ್ಕಾರ ಒಪ್ಪಂದವನ್ನು ರದ್ದು ಮಾಡಿತು. ಹಳೆಯವರು ಮಾಡಿದ ಗುತ್ತಿಗೆ ದುಬಾರಿ, ನಿಯಮ ಬಾಹಿರ ಅನ್ನೋದು ಹೊಸಬರ ವಾದ. ಕಂಪನಿ ಸಿಂಗಾಪುರದ ಮಧ್ಯಸ್ಥಿಕೆಗೆ ಹೋಯಿತು. 2017ರಲ್ಲಿ ತೀರ್ಪು ಬಂತು. ಎಸ್‌ಟಿಸಿ 11 ಕೋಟಿ 53 ಲಕ್ಷ ಡಾಲರ್ ಪರಿಹಾರ ಕೊಡಬೇಕು. 2019ರಲ್ಲಿ ಮಾರಿಷಸ್ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಜನ ಉಸಿರು ಬಿಡುವಷ್ಟರಲ್ಲಿ, 2021ರ ಜೂನ್ 14ಕ್ಕೆ ಲಂಡನ್ನಿನ ಪ್ರಿವಿ ಕೌನ್ಸಿಲ್ ಮತ್ತೆ ಕಂಪನಿಯ ಪರ ತೀರ್ಪು ಕೊಟ್ಟಿತು. ಸ್ವಾತಂತ್ರ್ಯ ಸಿಕ್ಕು 50 ವರ್ಷ ದಾಟಿದರೂ ಆ ದೇಶದ ಕೊನೆಯ ಮೇಲ್ಮನವಿ ಇನ್ನೂ ಲಂಡನ್ನಿಗೇ.

ಕಾನೂನಿನ ಸರಿ ತಪ್ಪು ನ್ಯಾಯಾಧೀಶರಿಗೆ ಬಿಡೋಣ. ನನ್ನ ಕಣ್ಣು ಇರುವುದು ದುಡ್ಡಿನ ಮೇಲೆ. ಗುತ್ತಿಗೆ ಕೊಟ್ಟವರು ಒಂದು ಪಕ್ಷ, ಕಿತ್ತುಕೊಂಡವರು ಇನ್ನೊಂದು ಪಕ್ಷ. ಪರಿಹಾರ ಕೊಡಬೇಕಾದದ್ದು ಸರ್ಕಾರಿ ಸಂಸ್ಥೆ. ಅದರ ಗಲ್ಲಾಪೆಟ್ಟಿಗೆಗೆ ದುಡ್ಡು ಬೀಳುವುದು ಬಂಕಿನಲ್ಲಿ ನಿಂತ ಬಡಪಾಯಿಯ ಕಿಸೆಯಿಂದ. 13 ಲಕ್ಷ ಜನವೂ ಇಲ್ಲದ ದೇಶದಲ್ಲಿ 11 ಕೋಟಿ ಡಾಲರ್ ಅಂದರೆ ಕೂಸು-ಮುದುಕರನ್ನೆಲ್ಲ ಸೇರಿಸಿ ತಲೆಗೆ ಸುಮಾರು 90 ಡಾಲರ್ ಆಯಿತು. ಓಡದೇ ನಿಂತ ಹಡಗಿಗೆ ಒಂದು ದೇಶ ಕೊಟ್ಟ ಬಾಡಿಗೆ ಇದು. ಪೋರ್ಟ್ ಲೂಯಿಯ ಟ್ಯಾಕ್ಸಿ ಡ್ರೈವರನಿಗೆ ಆ ಒಪ್ಪಂದದ ಕಾಗದ ಯಾವತ್ತಾದರೂ ಯಾರಾದರೂ ತೋರಿಸಿದ್ದರಾ?

ಸರಿ, ಹಾಗಾದರೆ ಖಾಸಗಿ, ಪೈಪೋಟಿ, ಎರಡನೇ ಕಂಪನಿ? ಅದಕ್ಕೆ ಶ್ರೀಲಂಕಾ ಉಂಟು. 1961ರಲ್ಲಿ ಸಿಲೋನ್ ಪೆಟ್ರೋಲಿಯಂ ಕಾರ್ಪೊರೇಷನ್ ಕಟ್ಟಿ, ಶೆಲ್, ಎಸ್ಸೋ, ಕ್ಯಾಲ್ಟೆಕ್ಸ್‌ಗಳ ಕೈಯಿಂದ ವ್ಯಾಪಾರ ಕಿತ್ತುಕೊಂಡ ದೇಶ ಅದು. ಅದಕ್ಕಾಗಿ 1963ರಲ್ಲಿ ಅಮೆರಿಕದ ನೆರವನ್ನೂ ಕಳೆದುಕೊಂಡಿತು. 40 ವರ್ಷದ ನಂತರ, 2003ರಲ್ಲಿ, ಅದೇ ಬಾಗಿಲು ತೆರೆದು ನಮ್ಮ ಇಂಡಿಯನ್ ಆಯಿಲ್‌ಗೆ ನೂರರಷ್ಟು ಬಂಕು ಕೊಟ್ಟು ಲಂಕಾ ಐಒಸಿಯನ್ನು ಒಳಗೆ ಕರೆಯಿತು. ಸರಿ, ಈಗ ಅಂಗಡಿ ಎರಡಾಯಿತು. ರೇಟು ತನ್ನಿಂದ ತಾನೇ ಇಳಿಯಿತಾ? ಸರ್ಕಾರ ಬೇಕೆಂದಾಗ ಇಳಿಸಿತು, ಆಗದಿದ್ದಾಗ ಏರಿಸಿತು. ಸರ್ಕಾರಿ ಕಂಪನಿ ನಷ್ಟದಲ್ಲಿ ಮಾರಿ ಬ್ಯಾಂಕಿನಲ್ಲಿ ಸಾಲ ಗುಡ್ಡೆ ಹಾಕಿತು. ಆ ಸಾಲ ಎಷ್ಟು ದೊಡ್ಡದು ಅಂತ ಜನಕ್ಕೆ ಸರಿಯಾಗಿ ಗೊತ್ತಾದದ್ದು 2022ರಲ್ಲಿ, ಡಾಲರ್ ಮುಗಿದಾಗ. ಆ ಜೂನ್ ಕೊನೆಗೆ ಅಗತ್ಯ ಸೇವೆ ಬಿಟ್ಟು ಬೇರೆ ಯಾರಿಗೂ ಪೆಟ್ರೋಲ್ ಇಲ್ಲ ಅಂತ ಸರ್ಕಾರವೇ ಸಾರಿತು. ಜನ ರಾತ್ರಿಯೆಲ್ಲ ಸಾಲಿನಲ್ಲಿ ನಿಂತರು, ಕೆಲವರು ಅಲ್ಲೇ ಪ್ರಾಣ ಬಿಟ್ಟರು. ಜುಲೈಯಿಂದ ಕ್ಯುಆರ್ ಕೋಡಿನ ರೇಷನ್.

ಆ ಕಷ್ಟದಲ್ಲಿ ಲಂಕಾ ಐಒಸಿ ಬಂಕುಗಳಲ್ಲಿ ಅಷ್ಟಿಷ್ಟಾದರೂ ಸಿಕ್ಕಿತು, ಭಾರತ 50 ಕೋಟಿ ಡಾಲರಿನ ಇಂಧನ ಸಾಲ ಕೊಟ್ಟಿತ್ತು. ಅದನ್ನು ಒಪ್ಪಲೇಬೇಕು. ಎರಡನೇ ಅಂಗಡಿ ಇದ್ದದ್ದು ಉಪಕಾರಕ್ಕೆ ಬಂತು. ಆದರೆ ಹತ್ತು ವರ್ಷ ಮೊದಲೇ ಲೀಟರಿಗೆ ಎಷ್ಟು ನಷ್ಟ, ಆ ನಷ್ಟ ಯಾರ ತಲೆಗೆ ಅಂತ ಬಂಕಿನ ಗೋಡೆಯ ಮೇಲೆ ಬರೆದಿಟ್ಟಿದ್ದರೆ ಇಷ್ಟು ದೂರ ಬರ್ತಿತ್ತಾ? ಮುಚ್ಚಿಟ್ಟ ಲೆಕ್ಕ ಕೊನೆಗೆ ಸಾಲಿನಲ್ಲಿ ನಿಂತವನ ಬೆನ್ನ ಮೇಲೇ ಬಿತ್ತು.

"ಅವು ದ್ವೀಪಗಳು ಮಾರಾಯ್ರೆ, ನಮಗೆ ಎಂತ ಸಂಬಂಧ?" ಅಂತ ಕೇಳಬಹುದು.

ಇಂಧನದ ಮಟ್ಟಿಗೆ ನಾವೂ ದ್ವೀಪವೇ. ದೇಶದ ಹತ್ತು ಬಂಕಿನಲ್ಲಿ ಒಂಬತ್ತು ಮೂರು ಸರ್ಕಾರಿ ಕಂಪನಿಗಳದು. ಸುರತ್ಕಲ್‌ನಲ್ಲಿ ಯಾವ ಬೋರ್ಡಿನ ಬಂಕಿಗೆ ಹೋದರೂ ಒಳಗಿರುವುದು ಹೆಚ್ಚಾಗಿ ಇದೇ ಗುಡ್ಡದ ಹಿಂದಿನ ಎಣ್ಣೆ. ಇಲ್ಲಿಂದ ಹಾಸನ, ಬೆಂಗಳೂರಿಗೆ 360 ಕಿಲೋಮೀಟರಿಗೂ ಉದ್ದದ ಪೈಪಿನಲ್ಲಿ ಘಟ್ಟ ಹತ್ತಿ ಹೋಗುವುದೂ ಅದೇ. ಘಟ್ಟ ಹತ್ತಿಸಿದ ಎಣ್ಣೆಗೂ ರಿಫೈನರಿ ಬುಡದ ಎಣ್ಣೆಗೂ ಬಂಕಿನಲ್ಲಿ ವ್ಯತ್ಯಾಸ ಎಷ್ಟು? ಒಂದು ರೂಪಾಯಿಯ ಆಸುಪಾಸು.

ಇನ್ನು ಕಾಕನ ಪ್ರಶ್ನೆಯ ತಿರುಳಿಗೆ ಬರೋಣ. ರಿಫೈನರಿ ಗೇಟಿನಲ್ಲಿ ಒಂದು ಲೀಟರಿಗೆ ಬೆಲೆ ಕಟ್ಟುವುದು ಹೇಗೆ? ಕಚ್ಚಾತೈಲಕ್ಕೆ ಇಷ್ಟಾಯಿತು, ಕಾಯಿಸಿ ಸೋಸಲಿಕ್ಕೆ ಇಷ್ಟಾಯಿತು, ಲಾಭ ಇಷ್ಟು ಅಂತ ಅಂದುಕೊಂಡಿದ್ದೀರಾ? ಅಲ್ಲ. 2006ರಲ್ಲಿ ರಂಗರಾಜನ್ ಸಮಿತಿ ಹೇಳಿದ ಸೂತ್ರ ಉಂಟು. ಪೆಟ್ರೋಲ್-ಡೀಸೆಲ್ ಹೊರದೇಶದಿಂದ ಹಡಗಿನಲ್ಲಿ ಬಂದಿದ್ದರೆ ಎಷ್ಟು ಬೀಳ್ತಿತ್ತೋ ಅದಕ್ಕೆ 80 ಪಾಲು ತೂಕ, ನಾವೇ ರಫ್ತು ಮಾಡಿದ್ದರೆ ಎಷ್ಟು ಸಿಗ್ತಿತ್ತೋ ಅದಕ್ಕೆ 20 ಪಾಲು. ಆ 80 ಪಾಲಿನಲ್ಲಿ ಹಡಗಿನ ಬಾಡಿಗೆ ಉಂಟು, ವಿಮೆ ಉಂಟು, ಆಮದು ಸುಂಕ ಉಂಟು, ಬಂದರಿನ ಖರ್ಚೂ ಉಂಟು. ಕಚ್ಚಾತೈಲ ಹಡಗಿನಲ್ಲಿ ಬರ್ತದೆ, ಒಪ್ಪಿದೆ. ಆದರೆ ಪೆಟ್ರೋಲ್ ತುಂಬಿದ ಆ ಹಡಗು ನಮ್ಮ ಬಂದರಿಗೆ ಬಂದೇ ಇಲ್ಲ. ಪೆಟ್ರೋಲ್ ಹುಟ್ಟಿದ್ದು ಕುತ್ತೆತ್ತೂರಿನಲ್ಲಿ. ಬಾರದ ಹಡಗಿನ ಬಾಡಿಗೆಯನ್ನು ಕಾಕ ತನ್ನ ಸ್ಕೂಟರಿನ ಟ್ಯಾಂಕಿಗೆ ಹಾಕಿಸ್ತಿದ್ದಾರೆ.

ಅದೇ ರಿಫೈನರಿಯಿಂದ ಹೊರದೇಶಕ್ಕೆ ಹೋದ ಎಣ್ಣೆಯ ಮೇಲೆ ನಮ್ಮ ಎಕ್ಸೈಸ್ ಇಲ್ಲ, ನಮ್ಮ ರಾಜ್ಯದ ಮಾರಾಟ ತೆರಿಗೆ ಇಲ್ಲ. ಇರಬಾರದು ಕೂಡ, ಪರದೇಶದ ಗಿರಾಕಿಗೆ ನಮ್ಮ ತೆರಿಗೆ ಹಾಕಿದರೆ ಅವನು ಬೇರೆ ಅಂಗಡಿಗೆ ಹೋಗ್ತಾನೆ. ಕಾಕನಿಗೆ ಹೋಗಲಿಕ್ಕೆ ಬೇರೆ ಅಂಗಡಿ ಇಲ್ಲ, ಅಷ್ಟೇ ವ್ಯತ್ಯಾಸ.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಬಾರದ ಹಡಗಿನ ಬಾಡಿಗೆ ಲೀಟರಿನಲ್ಲಿ ಸಣ್ಣ ಪಾಲು, ದೊಡ್ಡದು ತೆರಿಗೆಯೇ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನಲ್ಲಿ ಕಚ್ಚಾತೈಲ ಮಣ್ಣಿನ ಬೆಲೆಗೆ ಬಿದ್ದಾಗ, ಕೇಂದ್ರ ಪೆಟ್ರೋಲಿನ ಎಕ್ಸೈಸನ್ನು ಲೀಟರಿಗೆ 32 ರೂಪಾಯಿ 98 ಪೈಸೆಗೆ ಏರಿಸಿತು. ಆಮೇಲೆ ಎರಡು ಸಲ ಇಳಿಸಿ 19 ರೂಪಾಯಿ 90 ಪೈಸೆಗೆ ತಂದು, ಅದನ್ನೇ ಉಡುಗೊರೆ ಅಂತ ಕರೆಯಿತು. 2024ರ ಜೂನ್‌ನಲ್ಲಿ ರಾಜ್ಯ ಪೆಟ್ರೋಲಿನ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೆ, ಡೀಸೆಲ್‌ನದನ್ನು 14.34ರಿಂದ 18.44ಕ್ಕೆ ಏರಿಸಿತು. ಆಗ ಅವರು ಏರಿಸಿದಾಗ ಬೊಬ್ಬೆ ಹೊಡೆದವರು ಇವರು, ಈಗ ಇವರು ಏರಿಸಿದಾಗ ಬೀದಿಗಿಳಿದವರು ಅವರು. ಪೋರ್ಟ್ ಲೂಯಿಯ ಎರಡು ಪಕ್ಷಗಳನ್ನು ನೋಡಿ ನಗುವ ಹಕ್ಕು ನಮಗಿಲ್ಲ.

ಇನ್ನು 'ಮಾರುಕಟ್ಟೆ' ಅನ್ನುವ ಮಾತಿನ ಹಣೆಬರಹ ನೋಡಿ. 2017ರ ಜೂನ್ 16ರಿಂದ ದೇಶದಲ್ಲಿ ದಿನಾ ಬೆಳಿಗ್ಗೆ ದರ ಬದಲಾಗಬೇಕು ಅಂತ ವ್ಯವಸ್ಥೆ. ದಿನದಿನದ ಮಾರುಕಟ್ಟೆ! ಆದರೆ 2022ರ ಏಪ್ರಿಲ್‌ನಿಂದ ಕಂಪನಿಗಳು ದರ ಮುಟ್ಟಲೇ ಇಲ್ಲ. ಮೇನಲ್ಲಿ ಎಕ್ಸೈಸ್ ಇಳಿದದ್ದು ಬಿಟ್ಟರೆ ಸುಮಾರು ಎರಡು ವರ್ಷ ಬೋರ್ಡಿನ ಅಂಕಿ ಅಲ್ಲಾಡಲಿಲ್ಲ. ಕಚ್ಚಾತೈಲ ಏರಿತು, ಇಳಿಯಿತು, ಮತ್ತೆ ಏರಿತು. ಬೋರ್ಡಿಗೆ ಮಾತ್ರ ಜೀವ ಬಂದದ್ದು 2024ರ ಮಾರ್ಚಿನಲ್ಲಿ, ಲೋಕಸಭೆ ಚುನಾವಣೆಯ ಹೊಸ್ತಿಲಲ್ಲಿ. ಎರಡು ರೂಪಾಯಿ ಇಳಿಯಿತು. ಎಂಥ ಸಮಯಪ್ರಜ್ಞೆಯ ಮಾರುಕಟ್ಟೆ ನೋಡಿ!

ಸಗಟು ವ್ಯಾಪಾರದ ತಮಾಷೆ ಇದಕ್ಕಿಂತ ದೊಡ್ಡದು. ಲೋಕದಲ್ಲಿ ಎಲ್ಲ ಕಡೆ ಸಗಟು ಅಂದರೆ ಅಗ್ಗ. ಬಂದರ್ ಪೇಟೆಯಲ್ಲಿ ಒಂದು ಮೂಟೆ ಅಕ್ಕಿ ತೆಗೆದುಕೊಂಡರೆ ಕಿಲೋ ಲೆಕ್ಕಕ್ಕಿಂತ ಕಡಿಮೆ. ಆದರೆ 2022ರ ಮಾರ್ಚಿನಲ್ಲಿ ಸಗಟು ಡೀಸೆಲ್‌ಗೆ ಲೀಟರಿಗೆ ಸುಮಾರು 25 ರೂಪಾಯಿ ಏರಿಸಿದರು, ಬಂಕಿನ ದರ ಹಾಗೇ ಬಿಟ್ಟರು. ಡಿಪೋದಲ್ಲಿ ಟ್ಯಾಂಕರ್‌ಗಟ್ಟಲೆ ತರಿಸುವ ಸರ್ಕಾರಿ ಬಸ್ಸಿಗೆ ದುಬಾರಿ, ರಸ್ತೆ ಬದಿಯ ಬಂಕಿನಲ್ಲಿ ಅಗ್ಗ. ಬಡವರು ಹತ್ತುವ ಬಸ್ಸುಗಳು ಸ್ವಂತ ಡಿಪೋ ಬಿಟ್ಟು ಕಾರಿನವರ ಹಿಂದೆ ಬಂಕಿನಲ್ಲಿ ಸಾಲು ನಿಂತವು. ಅದೇ ಜೂನಿನಲ್ಲಿ ಕೆಲವು ರಾಜ್ಯಗಳ ಬಂಕುಗಳು ಒಣಗಿದವು. ಇಲ್ಲಿ ಮಾರಿದರೆ ನಷ್ಟ, ಹೊರಗೆ ಮಾರಿದರೆ ಲಾಭ ಅನ್ನುವ ಸ್ಥಿತಿಯಲ್ಲಿ ಎಣ್ಣೆ ಸಮುದ್ರದ ಕಡೆಗೇ ಹರಿಯಿತು. ಜುಲೈ 1ಕ್ಕೆ ಕೇಂದ್ರ ರಫ್ತಿನ ಮೇಲೆ ಪೆಟ್ರೋಲಿಗೆ 6, ಡೀಸೆಲ್‌ಗೆ 13 ರೂಪಾಯಿ ಸುಂಕ ಹಾಕಿತು. ಅಂದರೆ ಹಡಗಿನಲ್ಲಿ ಎಷ್ಟು ಲಾಭ ಹೋಗ್ತಿದೆ ಅಂತ ಸರ್ಕಾರಕ್ಕೆ ಪೈಸೆ ಪೈಸೆ ಲೆಕ್ಕ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ನಮಗೆ.

ಈಗ ಮಾರಿಷಸ್‌ನಿಂದ ಕಲಿಯಬೇಕಾದ ಒಂದು ಒಳ್ಳೆಯ ಸಂಗತಿ ಹೇಳ್ತೇನೆ. ಅಲ್ಲಿ ಬಂಕಿನ ದರ ಹೇಗಾಯಿತು ಅಂತ ಬಾಬ್ತುವಾರು ಪಟ್ಟಿ ಹೊರಡಿಸ್ತಾರೆ. ರಸ್ತೆಗೆ ಇಷ್ಟು, ಪಕ್ಕದ ರಾಡ್ರಿಗಸ್ ದ್ವೀಪಕ್ಕೆ ಸಾಗಿಸುವ ಖರ್ಚಿಗೆ ಇಷ್ಟು, ಅಡುಗೆ ಅನಿಲ-ಅಕ್ಕಿ-ಹಿಟ್ಟಿನ ಸಬ್ಸಿಡಿಗೆ ಇಷ್ಟು. ಕಾರಿನವನ ಲೀಟರಿನಿಂದ ಬಡವನ ಅನ್ನಕ್ಕೆ ಎಷ್ಟು ಹೋಯಿತು ಅಂತ ಯಾರಾದರೂ ಓದಬಹುದು, ಜಗಳ ಆಡಬಹುದು. ಹಡಗಿನ ಗುತ್ತಿಗೆಯಲ್ಲಿ ಎಡವಿದ ದೇಶವೇ ಇದನ್ನು ಮಾಡ್ತದೆ. ನಮ್ಮಲ್ಲಿ ದೆಹಲಿಯ ದರದ ಪಟ್ಟಿ ಕಂಪನಿಗಳು ಹಾಕ್ತವೆ. ಅದರಲ್ಲಿ ಮೂಲ ಬೆಲೆ ಅಂತ ಒಂದೇ ಸಾಲು, ಹಡಗಿನ ಬಾಡಿಗೆಯೆಲ್ಲ ಆ ಒಂದು ಸಾಲಿನ ಹೊಟ್ಟೆಯೊಳಗೆ. ದೆಹಲಿಯ ಪಟ್ಟಿ ಕಟ್ಟಿಕೊಂಡು ಕಾಟಿಪಳ್ಳದವನಿಗೆ ಎಂತ ಆಗ್ಬೇಕು?

ಹಾಗಾಗಿ ನನ್ನ ಬೇಡಿಕೆ ರೇಟು ಇಳಿಸಿ ಅಂತಲ್ಲ. ಇಳಿಸಿ ಅಂದರೆ ಚುನಾವಣೆಗೆ ಎರಡು ರೂಪಾಯಿ ಇಳಿಸ್ತಾರೆ, ಆಮೇಲೆ ಮೂರು ಏರಿಸ್ತಾರೆ. ಬೇಡಿಕೆ ಇಷ್ಟೇ. ಮಂಗಳೂರಿನ ಟರ್ಮಿನಲ್ಲಿನಿಂದ ಹೊರಟ ಒಂದು ಲೀಟರಿನ ಲೆಕ್ಕವನ್ನು ಮಂಗಳೂರಿನ ಬಂಕಿನ ಗೋಡೆಯಲ್ಲಿ ಕನ್ನಡದಲ್ಲಿ ಹಾಕಿ. ರಿಫೈನರಿ ಬೆಲೆ ಎಷ್ಟು, ಅದರೊಳಗೆ ಬಾರದ ಹಡಗಿನ ಬಾಡಿಗೆ ಎಷ್ಟು, ದೆಹಲಿಗೆ ಎಷ್ಟು, ಬೆಂಗಳೂರಿಗೆ ಎಷ್ಟು, ಬಂಕಿನವನಿಗೆ ಎಷ್ಟು. ಸರ್ಕಾರಿ ರಿಫೈನರಿ ಪರದೇಶದೊಂದಿಗೆ ವರ್ಷಗಟ್ಟಲೆಯ ಒಪ್ಪಂದ ಮಾಡುವಾಗ ಅದರ ಮುಖ್ಯ ಷರತ್ತುಗಳು ಸಂಸತ್ತಿನ ಮೇಜಿಗೆ ಬರಲಿ. ಒಂದು ಪಾಲು ಯಾಕೆ ಬಂದರು ಮತ್ತು ರಿಫೈನರಿಗಾಗಿ ಎದ್ದು ಹೋದವರ ಊರುಗಳ ಆಸ್ಪತ್ರೆಗೆ, ರಸ್ತೆಗೆ ಅಂತ ಅದೇ ಪಟ್ಟಿಯಲ್ಲಿ ಒಂದು ಸಾಲಾಗಿ ಇರಬಾರದು? ರಾಡ್ರಿಗಸ್‌ಗೆ ಒಂದು ಸಾಲು ಇರಬಹುದಾದರೆ ಮೂರನೇ ಬ್ಲಾಕಿಗೂ ಇರಬಹುದು.

ಇದು ಆಗದ ಮಾತು ಅಂತೀರಾ? ಹತ್ತು ರೂಪಾಯಿಯ ಬಿಸ್ಕತ್ ಪೊಟ್ಟಣದ ಮೇಲೆ ಸಕ್ಕರೆ ಎಷ್ಟು, ಎಣ್ಣೆ ಎಷ್ಟು ಅಂತ ಬರೆಯಿಸುವ ಸರ್ಕಾರಕ್ಕೆ ನೂರು ರೂಪಾಯಿಯ ಲೀಟರಿನಲ್ಲಿ ಏನೇನುಂಟು ಅಂತ ಬರೆಯಿಸುವುದು ಕಷ್ಟವೇನಲ್ಲ. ಮನಸ್ಸು ಬೇಕು, ಕೇಳುವವರೂ ಬೇಕು.

ಮೊನ್ನೆ ಮತ್ತೆ ಚಾದ ಅಂಗಡಿಗೆ ಹೋಗಿ ಕಾಕನಿಗೆ ಈ ಬಾರದ ಹಡಗಿನ ಸಂಗತಿ ವಿವರಿಸಿದೆ. ಪೂರ್ತಿ ಕೇಳಿದರು. "ಅಂದ್ರೆ ನಮ್ಮನ್ನು ಹಡಗು ಬರ್ಲಿಕ್ಕೆ ಅಂತ ಎಬ್ಬಿಸಿದ್ರು. ಈಗ ಬಾರದ ಹಡಗಿಗೂ ನಾವೇ ಬಾಡಿಗೆ ಕೊಡ್ಬೇಕು. ಅಲ್ವಾ?"

ಹೌದು ಕಾಕ, ಅಷ್ಟೇ. ನಾನು ಇಷ್ಟು ಪುಟ ಬರೆದದ್ದನ್ನು ನೀವು ಎರಡೇ ಮಾತಿನಲ್ಲಿ ಮುಗಿಸಿದಿರಿ.